ಬಲೆಗೆ ಬಿದ್ದ ಮೀನಿಗೆ ಹೆಸರು ಹೇಳುವವರು ಯಾರು?

ಕೆರೆಗೆ ಹಾಕಿದ ಬಲೆಯಲ್ಲಿ ಗುರುತಿಲ್ಲದ ಮೀನೊಂದು ಬಿದ್ದರೆ ಸಾಕು, ಏರಿ ಮೇಲೆ ಜಾತ್ರೆ. ಬಸ್ಸಿಗೆ ಕಾದು ನಿಂತವರೂ ಬಂದು ಇಣುಕುತ್ತಾರೆ. "ಇದು ಪಿರಾನಾ ಕಣಯ್ಯಾ, ಬೆರಳು ಕಡಿಯುತ್ತೆ" ಅಂತಾನೆ ಒಬ್ಬ. "ಸುಮ್ನಿರಯ್ಯಾ, ಇದು ಮೊಸಳೆ ಜಾತಿ" ಅಂತಾನೆ ಇನ್ನೊಬ್ಬ. ಮೊಬೈಲಿನಲ್ಲಿ ಫೋಟೋ ಹಾರಿ, ಸಂಜೆಯೊಳಗೆ ಹೊಸಕೋಟೆಯಿಂದ ನೆಲಮಂಗಲದವರೆಗೂ ಅದೇ ಮಾತು. ಮಾರನೆಯ ದಿನ ಮೀನೂ ಇಲ್ಲ, ಮಾತೂ ಇಲ್ಲ. ಒಂದೋ ಅದು ಸಾರಿನ ಪಾತ್ರೆಗೆ ಬಿತ್ತು, ಇಲ್ಲವೇ ಮತ್ತೆ ಕೆರೆಗೇ ಬಿತ್ತು. ಅದರ ಹೆಸರು ಮಾತ್ರ ಯಾರಿಗೂ ತಿಳಿಯಲಿಲ್ಲ.

ಹೆಸರು ತಿಳಿಯದಿದ್ದರೆ ಏನು ಗಂಟು ಹೋಯಿತು ಎನ್ನಬಹುದು. ಗಂಟೇ ಹೋಗುತ್ತದೆ. ಸಾಲ ಮಾಡಿ ಕೆರೆ ಗುತ್ತಿಗೆ ಹಿಡಿದು, ಕಟ್ಲಾ, ರೋಹು ಮರಿ ಬಿಟ್ಟವನ ಗಂಟು ಅದು. ಬಿಟ್ಟ ಮರಿಯನ್ನು ನುಂಗುವ ಮೀನು ಯಾವುದು, ಪಾಪದ ಮೀನು ಯಾವುದು ಎಂದು ಗೊತ್ತಿಲ್ಲದೆ ಕೆರೆಯನ್ನು ಉಳಿಸುವುದು ಹೇಗೆ?

ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದ ಕಡಲಿನಲ್ಲಿ ಮುಳುಗುವವರು ತಿಳಿನೀರಿನಲ್ಲಿ ಮೀನನ್ನು ಕಣ್ಣಾರೆ ಕಂಡು ಗುರುತು ಹೇಳಬಲ್ಲರು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೆರೆಗಳ ಹಸಿರು ನೀರಿನಲ್ಲಿ ಮುಳುಗಿದವನಿಗೆ ತನ್ನ ಕೈಯೇ ಕಾಣದು. ಹಾಗಾಗಿ ಇಲ್ಲಿ ಬಲೆಯೇ ಕಣ್ಣು, ಬಲೆಗಾರನೇ ಸಾಕ್ಷಿ.

ಹೊರಗಿನವರೆಲ್ಲ ಕಳ್ಳರಲ್ಲ

ಒಂದು ಮಾತು ಮೊದಲೇ ಹೇಳಬೇಕು. ಹೊರದೇಶದಿಂದ ಬಂದ ಮೀನೆಲ್ಲ ಕೆಟ್ಟದ್ದಲ್ಲ. ಸರ್ಕಾರವೇ ಮರಿ ಕೊಟ್ಟು ಬೆಳೆಸಿದ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು 1959ರಲ್ಲಿ ಭಾರತಕ್ಕೆ ಬಂದವು. ಜನ ಜಿಲೇಬಿ ಎಂದು ಕರೆಯುವ ತಿಲಾಪಿಯ 1952ರಲ್ಲಿ ಬಂತು. ಗೆಂಡೆ ಹೊಟ್ಟೆ ತುಂಬಿಸಿತು. ಜಿಲೇಬಿಯೋ, ಬಿಟ್ಟಲ್ಲೆಲ್ಲ ಸಂಸಾರ ಬೆಳೆಸಿಕೊಂಡು, ಉಳಿದ ಮೀನಿನ ಮೇವಿಗೂ ಜಾಗಕ್ಕೂ ಪಾಲುದಾರನಾಗಿ ಕೂತಿತು. ಒಂದೇ ಕಾಲದಲ್ಲಿ ಬಂದ ನೆಂಟರು, ನಡತೆ ಮಾತ್ರ ಬೇರೆ ಬೇರೆ.

ಪಿರಾನಾ ಎಂದು ಕೂಗು ಎದ್ದಾಗ ಬಹಳ ಸಲ ಸಿಕ್ಕಿಬೀಳುವುದು ಪೇಟೆಯಲ್ಲಿ ರೂಪ್‌ಚಂದ್ ಎಂದು ಮಾರುವ ಪಾಕು ಮೀನು. ದಕ್ಷಿಣ ಅಮೆರಿಕದ ಬಿಸಿನಾಡಿನದು, ಹೊಟ್ಟೆ ಕೆಂಪು, ಮೈ ತಟ್ಟೆಯ ಹಾಗೆ ಅಗಲ. ಬಾಯಿ ಬಿಡಿಸಿ ನೋಡಿದರೆ ಗುಟ್ಟು ರಟ್ಟು. ಪಿರಾನಾ ಹಲ್ಲು ಗರಗಸದಂತೆ ಚೂಪು. ಪಾಕುವಿನ ಹಲ್ಲು ಮನುಷ್ಯನ ದವಡೆ ಹಲ್ಲಿನಂತೆ ಚಪ್ಪಟೆ, ಕಾಯಿ ಬೀಜ ಒಡೆಯಲು ಇರುವಂಥದ್ದು. ಹೆದರಿ ಓಡುವ ಮೀನಲ್ಲ. ಹಾಗಂತ ಕೆರೆಗೆ ತಂದು ಬಿಡುವ ಮೀನೂ ಅಲ್ಲ.

ಎರಡನೆಯದು, ಮೈಗೆ ಕಬ್ಬಿಣದ ಅಂಗಿ ತೊಟ್ಟ ಹಾಗಿರುವ ಸಕರ್ ಮೀನು. ಬಾಯಿ ತಲೆಯ ಕೆಳಗೆ, ಗಾಜಿಗೆ ಅಂಟುವ ಬಟ್ಟಲಿನಂತೆ. ಅಕ್ವೇರಿಯಂ ಗಾಜು ಸ್ವಚ್ಛ ಮಾಡಲೆಂದು ಅಂಗೈ ಉದ್ದದ ಮರಿ ಕೊಳ್ಳುತ್ತಾರೆ. ಅದು ಮೊಳದುದ್ದ ಬೆಳೆದಾಗ ಗಾಜಿನ ತೊಟ್ಟಿ ಸಾಲದು. ಕೊಲ್ಲಲು ಮನಸ್ಸು ಬಾರದೆ "ಪುಣ್ಯಕ್ಕೆ" ಅಂತ ಕೆರೆಗೆ ಬಿಡುತ್ತಾರೆ. ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಇದು ಬೇರೂರಿ ಬಲೆ ಹರಿಯುತ್ತಿದೆ. ಮೊಟ್ಟೆಯಿಡಲು ದಡ ಕೊರೆಯುವುದು ಇದರ ಗುಣ. ಮಣ್ಣಿನ ಏರಿಯ ಕೆರೆಗಳ ಜಿಲ್ಲೆಗೆ ಇದಕ್ಕಿಂತ ಕೆಟ್ಟ ಬಾಡಿಗೆದಾರ ಬೇಕೆ?

ನಿಜವಾದ ಗಂಡಾಂತರ

ಮೂರನೆಯದೇ ಎಲ್ಲರೂ ಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್. ಇದನ್ನು ಸಾಕಬಾರದು, ಇದ್ದದ್ದನ್ನು ನಾಶಮಾಡಬೇಕು ಎಂದು ಕೇಂದ್ರ ಕೃಷಿ ಸಚಿವಾಲಯ 1997ರಲ್ಲೇ ರಾಜ್ಯಗಳಿಗೆ ಬರೆಯಿತು. ಅಷ್ಟಾದರೂ ಹೊಸಕೋಟೆ ತಾಲ್ಲೂಕಿನಲ್ಲಿ ಗುಟ್ಟಾಗಿ ತೋಡಿದ ಹೊಂಡಗಳು, ಕೋಳಿ ಅಂಗಡಿಯ ತ್ಯಾಜ್ಯ ಸುರಿದು ಎಬ್ಬಿಸಿದ ದುರ್ನಾತ, ಊರವರ ದೂರು, ಅಧಿಕಾರಿಗಳ ದಾಳಿ, ಜೆಸಿಬಿ ತಂದು ಮುಚ್ಚಿದ ಹೊಂಡ, ಇವೆಲ್ಲ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ.

ಈ ಮೀನಿಗೂ ನಾಡಿನ ಮಾಗುರ್ ಮೀನಿಗೂ ಮೇಲ್ನೋಟಕ್ಕೆ ಅಣ್ಣತಮ್ಮಂದಿರ ಹೋಲಿಕೆ. ಎರಡಕ್ಕೂ ಎಂಟು ಮೀಸೆ, ಬೆನ್ನಿನುದ್ದಕ್ಕೂ ಒಂದೇ ರೆಕ್ಕೆ, ಹುರುಪೆ ಇಲ್ಲ. ಮುಳ್ಳು ಚುಚ್ಚುವ ಚೇಳು ಮೀನಿಗೂ ಎಂಟೇ ಮೀಸೆ, ಆದರೆ ಅದರ ಬೆನ್ನಿನ ರೆಕ್ಕೆ ತೀರ ಪುಟ್ಟದು. ನಾಡಿನ ಮಾಗುರ್ ಒಂದೂವರೆ ಅಡಿ ಮುಟ್ಟಿದರೆ ಹೆಚ್ಚು. ಆಫ್ರಿಕದ್ದು ನಾಲ್ಕೈದು ಅಡಿ ದಾಟಬಲ್ಲದು. ಚಪ್ಪಟೆ ದೊಡ್ಡ ತಲೆ, ಮೈಮೇಲೆ ಅಮೃತಶಿಲೆಯಂತೆ ಕಪ್ಪು ಮಚ್ಚೆ. ಮರಿಯಿದ್ದಾಗ ಮಾತ್ರ ಎರಡನ್ನೂ ಬೇರೆ ಮಾಡುವುದು ಬಲ್ಲವರ ಕೆಲಸ. ಮೋಸ ನಡೆಯುವುದೂ ಅಲ್ಲೇ. ನಾಡಿನ ಮೀನು ಎಂದು ನಂಬಿಸಿ ಮರಿ ಮಾರಿದರೆ ಕೊಳ್ಳುವ ರೈತನಿಗೆ ಗೊತ್ತಾಗುವುದು ಅದು ಹೊಂಡದ ಕಪ್ಪೆಯನ್ನೂ ಬಿಡದೆ ನುಂಗಿದ ಮೇಲೆ.

"ಧನುರ್ಮಾಸದ ಚಳಿಗೆ ಸಾಯುತ್ತೆ ಬಿಡಿ" ಎನ್ನುವವರಿದ್ದಾರೆ. ಬಿಸಿನೀರಿನ ಮೀನುಗಳಲ್ಲಿ ಪಾಕುವಿನಂಥವು ಚಳಿಗೆ ಸೊರಗುವುದು ನಿಜ. ಆದರೆ ಈ ಕ್ಯಾಟ್‌ಫಿಶ್ ಹತ್ತು ಡಿಗ್ರಿಯ ತಣ್ಣೀರನ್ನೂ ತಾಳಬಲ್ಲದು. ದೇವನಹಳ್ಳಿಯ ಮಂಜಿನ ಬೆಳಗು ಅದಕ್ಕೊಂದು ಲೆಕ್ಕವಲ್ಲ. ಕೊಳೆನೀರಿನಲ್ಲಿ ಉಸಿರುಗಟ್ಟಿ ಬೇರೆ ಮೀನು ತೇಲಿದರೂ ಇದು ಮೇಲೆ ಬಂದು ಗಾಳಿ ಕುಡಿದು ಬದುಕುತ್ತದೆ. ತೇವವಿದ್ದರೆ ನೆಲದ ಮೇಲೂ ತೆವಳುತ್ತದೆ.

ಹಿಂದೆ ಕೆರೆಗಳಿಗೆ ಒಂದು ಕಾವಲಿತ್ತು: ಬೇಸಿಗೆ. ನೀರು ಬತ್ತಿದರೆ ಕರೆಯದೆ ಬಂದ ಮೀನೂ ಮುಗಿಯುತ್ತಿತ್ತು. ಈಗ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ದಿನಕ್ಕೆ 210 ದಶಲಕ್ಷ ಲೀಟರ್ ಸಂಸ್ಕರಿಸಿದ ನೀರನ್ನು 65 ಕೆರೆಗಳಿಗೆ ಹರಿಸುವ ಗುರಿ. ದೇವನಹಳ್ಳಿ ಕಡೆಯ ಕೆರೆಗಳೂ ಅದರಲ್ಲಿವೆ. ಅಂತರ್ಜಲಕ್ಕೆ ಒಳ್ಳೆಯದೇ. ಆದರೆ ವರ್ಷವಿಡೀ ನೀರಿರುವ ಕೆರೆ ಹೊಸ ಮೀನಿಗೆ ವರ್ಷವಿಡೀ ಮನೆ. ಮೇಲಾಗಿ 2021 ಮತ್ತು 2022ರ ಮಳೆಯಂತೆ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದರೆ, ಹೊಂಡದ್ದು ಕಾಲುವೆಗೆ, ಕಾಲುವೆಯದು ಕೆರೆಗೆ. ದೊಡ್ಡಬಳ್ಳಾಪುರದ ಕಡೆಯಿಂದ ಅರ್ಕಾವತಿ ಹಿಡಿದರೆ ಮುಂದೆ ಕಾವೇರಿ. ಹೊಸಕೋಟೆಯಿಂದ ದಕ್ಷಿಣ ಪಿನಾಕಿನಿ ಹಿಡಿದರೆ ಮುಂದೆ ತಮಿಳುನಾಡು. ಮೀನಿಗೆ ಚೆಕ್‌ಪೋಸ್ಟ್ ಇಲ್ಲ.

ಮಾಡಬೇಕಾದ್ದೇನು?

ಖರ್ಚಿನ ಕೆಲಸವೇನೂ ಅಲ್ಲ. ಗೊತ್ತಿಲ್ಲದ ಮೀನು ಬಿದ್ದರೆ ಮರಳಿ ನೀರಿಗೆ ಬಿಡಬಾರದು. ಪಕ್ಕಕ್ಕೆ ಮಲಗಿಸಿ, ಅಳತೆ ತಿಳಿಯಲು ಬೆಂಕಿಪೊಟ್ಟಣ ಇಟ್ಟು, ಬಾಯಿ, ಮೀಸೆ, ರೆಕ್ಕೆ, ಹೊಟ್ಟೆ ಕಾಣುವಂತೆ ಫೋಟೋ ತೆಗೆಯಬೇಕು. ಕೆರೆಯ ಹೆಸರು, ತಾರೀಖು ಬರೆದಿಡಬೇಕು. ಮೀನನ್ನು ಕೊಯ್ಯದೆ ಐಸಿನಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಮುಟ್ಟಿಸಬೇಕು. ಗುರುತು ಹೇಳಬಲ್ಲ ವಿಜ್ಞಾನಿಗಳೂ ದೂರದಲ್ಲಿಲ್ಲ. ಹೆಸರಘಟ್ಟದಲ್ಲಿ ಮೀನು ಸಂಶೋಧನೆಯ ಕೇಂದ್ರಗಳಿವೆ.

ಇನ್ನು ಇಲಾಖೆಯ ಪಾಲು. ಹೊಂಡ ಮುಚ್ಚಿಸಿ ಫೋಟೋ ತೆಗೆಸಿಕೊಂಡರೆ ಕೆಲಸ ಅರ್ಧ. ಮರಿ ಎಲ್ಲಿಂದ ಬಂತು ಎಂದು ಬೆನ್ನು ಹತ್ತಿದರೆ ಪೂರ್ತಿ. ಪ್ರತಿ ಕಚೇರಿಯ ಗೋಡೆಗೆ, ಪ್ರತಿ ಮೀನುಗಾರರ ಸಂಘದ ಬಾಗಿಲಿಗೆ ಈ ಮೀನುಗಳ ಬಣ್ಣದ ಚಿತ್ರವಿರುವ ಒಂದು ಹಾಳೆ ಅಂಟಿಸಲು ಎಷ್ಟು ಬೇಕು? ಅಕ್ವೇರಿಯಂ ಅಂಗಡಿಯವರೂ "ಸಾಕಲಾಗದಿದ್ದರೆ ಕೆರೆಗೆ ಬಿಡಬೇಡಿ, ಇಲ್ಲಿಗೇ ತನ್ನಿ" ಎಂದು ಒಂದು ಬೋರ್ಡು ಹಾಕಿದರೆ ಅವರ ವ್ಯಾಪಾರವೇನೂ ಮುಳುಗದು.

ಕೆರೆ ಕಟ್ಟಿಸಿದ ಹಿರಿಯರು ಏರಿಗೆ ಕಲ್ಲು ಕಟ್ಟಿದರು, ತೂಬಿಗೆ ನೀರಗಂಟಿಯನ್ನು ನೇಮಿಸಿದರು. ನೀರಿನೊಳಗೆ ಬಂದು ಸೇರಿಕೊಂಡವರ ಲೆಕ್ಕ ಇಡುವ ಸರದಿ ಈಗಿನವರದು. ಮುಂದಿನ ಮಳೆಗೆ ಕೆರೆಗಳು ಕೋಡಿ ಬೀಳುವ ಮುಂಚೆ ಸಂಬಂಧಪಟ್ಟವರು ಏಳುವರೇ?