ಡಾಕ್ಟರನ್ನು ಮರೆತೆವು, ನಾಗವಲ್ಲಿಯನ್ನು ಉಳಿಸಿಕೊಂಡೆವು

ಹಲಸೂರಿನ ಜೋಗುಪಾಳ್ಯದಲ್ಲಿ ನಾನು ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುತ್ತೇನೆ. ಆರು ವರ್ಷದ ಒಬ್ಬಳು ತನ್ನ ಪಕ್ಕದ ಖಾಲಿ ಜಾಗಕ್ಕೆ ಅಕ್ಷರ ಕಲಿಸುತ್ತಾಳೆ. ಅಲ್ಲಿ ಅವಳ ಗೆಳತಿ ಕೂತಿದ್ದಾಳಂತೆ, ಆ ಗೆಳತಿಗೆ ‘ಳ’ ಬರೆಯಲು ಬರುವುದಿಲ್ಲವಂತೆ. ಉಳಿದವರು ಸುಮ್ಮನಿರುತ್ತಾರೆಯೇ? ಕನ್ನಡ ಮನೆಯ ಮಕ್ಕಳು ‘ನಾಗವಲ್ಲಿ’ ಎಂದು ಕೂಗಿದರೆ ತಮಿಳು ಮನೆಯವರು ‘ಚಂದ್ರಮುಖಿ’ ಎನ್ನುತ್ತಾರೆ. ಶಿವಾಜಿನಗರದ ಉರ್ದು ಮಾತಿನ ಹುಡುಗ ‘ಮಂಜುಲಿಕಾ’ ಎನ್ನುತ್ತಾನೆ. ಮೂರು ಭಾಷೆಯ ಸಿನಿಮಾಗಳಲ್ಲಿ ಬಂದ ಒಂದೇ ದೆವ್ವದ ಕಥೆಯ ಮೂರು ಹೆಸರುಗಳು ಒಂದೇ ಚಾಪೆಯ ಮೇಲೆ. ಆ ಚಿತ್ರಗಳು ಮೊದಲು ಬಂದಾಗ ಈ ಮಕ್ಕಳು ಹುಟ್ಟಿರಲೇ ಇಲ್ಲ. ಕಲಿಸಿದವರು ನಾವು. ಮನೆಯಲ್ಲಿ ಹೆಂಗಸು ದನಿ ಏರಿಸಿದರೆ ಸಾಕು, ‘ನಾಗವಲ್ಲಿ ಬಂದ್ಲು ನೋಡ್ರಪ್ಪಾ’ ಅನ್ನುತ್ತೇವೆ.

ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ಬಂದದ್ದು 2004ರಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ, ಚಿತ್ರ ತೆರೆಗೆ ಬರುವ ಮೊದಲೇ, ಅದರ ನಾಯಕಿ ಸೌಂದರ್ಯ ನಮ್ಮ ಬೆಂಗಳೂರಿನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಕೆಯ ಆ ಕಣ್ಣು, ಆ ಕುಣಿತ ಮನಸ್ಸಿನಿಂದ ಹೋಗಲಿಲ್ಲ, ಹೋಗಲೂಬಾರದು. ಆದರೆ ತನ್ನನ್ನೇ ಸತ್ತ ನರ್ತಕಿ ನಾಗವಲ್ಲಿ ಎಂದುಕೊಳ್ಳುವ ಅವರ ಪಾತ್ರ ಗಂಗಾಳದು ಮನಸ್ಸಿನ ಕಾಯಿಲೆ, ಅದು ವಾಸಿಯಾಗುತ್ತದೆ ಎಂದು ಚಿತ್ರ ಹೇಳಿತ್ತಲ್ಲ? ವಿಷ್ಣುವರ್ಧನ್ ಅವರದು ಮನೋವೈದ್ಯನ ಪಾತ್ರ. ಆ ಡಾಕ್ಟರು ನಮ್ಮ ಮಾತಿನಲ್ಲಿ ಎಲ್ಲೂ ಉಳಿಯಲಿಲ್ಲ.

ನನ್ನ ವಿದ್ಯಾರ್ಥಿನಿಯ ಗೆಳತಿಯಂಥ ಕಾಣದ ಗೆಳೆಯನ ಚಿತ್ರವೆಂದರೆ ಹಾಲಿವುಡ್ ನೆನೆಯುವುದು 1950ರ ‘ಹಾರ್ವಿ’ಯನ್ನು. ಜೇಮ್ಸ್ ಸ್ಟೂವರ್ಟ್ ಮಾಡಿದ ಎಲ್ವುಡ್‌ಗೆ ಆರಡಿ ಮೀರಿದ ಹಾರ್ವಿ ಎಂಬ ಮೊಲ ಸಂಗಾತಿ. ಒಡಹುಟ್ಟಿದವಳೇ ಅವನನ್ನು ಆಸ್ಪತ್ರೆಗೆ ಸೇರಿಸಲು ಓಡಾಡುತ್ತಾಳೆ. ಚುಚ್ಚುಮದ್ದು ಕೊಟ್ಟರೆ ಅವನ ಒಳ್ಳೆಯತನವೂ ಹೋದೀತು ಎಂದು ತಿಳಿದಾಗ ಅವಳೇ ತಡೆಯುತ್ತಾಳೆ. ಮುಂದೆ ಆ ಹೆಸರೂ ನಗೆಚಾಟಿಕೆಯಾಯಿತು: ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ನಲ್ಲಿ (1988) ಬಾರಿನಲ್ಲಿ ಕೂತ ಒಬ್ಬ ಖಾಲಿ ಜಾಗಕ್ಕೆ ‘ಹಾರ್ವಿ’ ಎಂದು ಕರೆದು ನಗಿಸುತ್ತಾನೆ. ‘ಫೀಲ್ಡ್ ಆಫ್ ಡ್ರೀಮ್ಸ್’ನ (1989) ಅಪ್ಪನಿಗೆ ಮಾತ್ರ ನಗು ಬರುವುದಿಲ್ಲ. ಮಗಳು ನೋಡುತ್ತಿದ್ದ ‘ಹಾರ್ವಿ’ಯನ್ನು ನಿಲ್ಲಿಸಿ, ಆ ಮನುಷ್ಯನಿಗೆ ಕಾಯಿಲೆ ಎನ್ನುತ್ತಾನೆ. ತನಗೇ ಯಾರಿಗೂ ಕೇಳದ ದನಿ ಕೇಳಿಸುತ್ತಿರುವ ಅವನ ಭಯ ನನಗೆ ಅರ್ಥವಾಗುತ್ತದೆ.

ಅದೇ ಭಯದಲ್ಲಿ ಹುಡುಗಿಯ ತಾಯಿ ನನ್ನ ಬಳಿ ಬಂದರು. ‘ಮಿಸ್, ಇವಳಿಗೆ ತಾಯಿತ ಕಟ್ಟಿಸ್ಲಾ?’ ಬೇಡಮ್ಮ ಎಂದೆ. ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಜರಿ ಟೇಲರ್ ಮತ್ತು ಸಂಗಡಿಗರ ಅಧ್ಯಯನ ಬಂದದ್ದೂ 2004ರಲ್ಲೇ. ಅವರು ನೋಡಿದ ಮಕ್ಕಳಲ್ಲಿ ಶೇ 65ರಷ್ಟು ಮಂದಿಗೆ ಏಳು ವರ್ಷದೊಳಗೆ ಎಂದಾದರೂ ಇಂಥ ಗೆಳೆಯರಿದ್ದರು, ಜೀವ ತುಂಬಿ ಮಾತಾಡಿಸುವ ಗೊಂಬೆಗಳೂ ಸೇರಿ. ಮಗು ಉಂಡು, ಆಡಿ, ನಿದ್ದೆ ಮಾಡಿಕೊಂಡಿದ್ದರೆ ಅದು ಆಟ. ದನಿಗಳು ಹೆದರಿಸಿ ಊಟ ನಿದ್ದೆ ಕೆಡಿಸಿದರೆ ವೈದ್ಯರಿಗೆ ತೋರಿಸಬೇಕು. ‘ನಾಗವಲ್ಲಿ’ ಎಂಬ ಒಂದು ಕೂಗು ಈ ಎರಡನ್ನೂ ಕಲಸಿಹಾಕುತ್ತದೆ. ನಮ್ಮ ಓಣಿಯಲ್ಲೇ ನಿಮ್ಹಾನ್ಸ್‌ಗೆ ಹೋಗುವ ಹೆಂಗಸರು ‘ಊರಿಗೆ ಹೋಗಿದ್ದೆ’ ಎಂದು ಅಕ್ಕಪಕ್ಕದವರಿಗೆ ಹೇಳುತ್ತಾರೆ. ಅವರು ಯಾವ ಹೆಸರಿಗೆ ಹೆದರುತ್ತಾರೆಂದು ನನಗೆ ಗೊತ್ತು.

ಸಿನಿಮಾ ನೋಡಿ, ಸೌಂದರ್ಯ ಅವರನ್ನು ನೆನೆಯಿರಿ. ಆ ಹೆಸರನ್ನು ಬೈಗುಳ ಮಾಡಬೇಡಿ. ಮನೆಯಲ್ಲಿ ಯಾರಾದರೂ ನಿಜಕ್ಕೂ ನರಳುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.