ಸೂತ್ರ ಬೇಕೆ, ಸಂಖ್ಯೆ ಸಾಕೆ?

ಕಂತಿನ ಮೇಲೆ ವಸ್ತು ಕೊಳ್ಳುವವರೆಲ್ಲರಿಗೂ ಪರಿಚಿತವಾದ ಲೆಕ್ಕವೊಂದನ್ನು ನೋಡೋಣ. ಒಂದು ಲಕ್ಷ ರೂಪಾಯಿ ಸಾಲ. ತಿಂಗಳಿಗೆ 9,000 ರೂಪಾಯಿಯಂತೆ 12 ಕಂತು. ಮೊದಲ ಕಂತು ಒಂದು ತಿಂಗಳ ನಂತರ. ಕಟ್ಟುವುದು ಒಟ್ಟು 1,08,000 ರೂಪಾಯಿ. ‘ಲಕ್ಷಕ್ಕೆ ಎಂಟು ಸಾವಿರ ಬಡ್ಡಿ, ಶೇಕಡ 8 ಆಯಿತಲ್ಲ’ ಎನ್ನುತ್ತಾರೆ ಮಾರುವವರು. ಆದರೆ ಪ್ರತಿ ತಿಂಗಳೂ ಅಸಲು ಸ್ವಲ್ಪ ಸ್ವಲ್ಪವೇ ತೀರುತ್ತದೆ. ಇಡೀ ಲಕ್ಷ ರೂಪಾಯಿ ವರ್ಷವಿಡೀ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ಹಾಗಾದರೆ ನಿಜವಾದ ಬಡ್ಡಿದರ ಎಷ್ಟು?

ದರ ಗೊತ್ತಿದ್ದು ಕಂತನ್ನು ಕಂಡುಹಿಡಿಯುವುದು ಸುಲಭ. ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರ ಸಾಕು. ತಿಂಗಳಿಗೆ ಶೇಕಡ 1 ದರವಾದರೆ ಕಂತು ಸುಮಾರು 8,885 ರೂಪಾಯಿ. ಕಂತು ಗೊತ್ತಿದ್ದು ದರವನ್ನು ಕೇಳಿದಾಗ ಮಾತ್ರ ತೊಡಕು ಎದುರಾಗುತ್ತದೆ. ಆಗ ನಮ್ಮ ಮುಂದೆ ನಿಲ್ಲುವುದು 12ನೆಯ ಘಾತದ ಸಮೀಕರಣ. ವರ್ಗ ಸಮೀಕರಣಕ್ಕೆ ಇರುವಂಥ ಸೂತ್ರ ಅದಕ್ಕೂ ಇರಬೇಕಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮತ್ತು ಮೂಲ ತೆಗೆಯುವುದು, ಇಷ್ಟರಿಂದಲೇ ಐದನೆಯ ಘಾತದ ಎಲ್ಲ ಸಮೀಕರಣಗಳನ್ನೂ ಬಿಡಿಸುವ ಸೂತ್ರ ಸಾಧ್ಯವಿಲ್ಲವೆಂದು ನಾರ್ವೆಯ ತರುಣ ಗಣಿತಜ್ಞ ನೀಲ್ಸ್ ಹೆನ್ರಿಕ್ ಆಬೆಲ್ 1824ರಲ್ಲಿ ಸಾಧಿಸಿ ತೋರಿಸಿದ. ಐದಕ್ಕಿಂತ ಮೇಲಿನ ಘಾತಗಳ ಕಥೆಯೂ ಅದೇ.

ಗಣಿತದ ತಂತ್ರಾಂಶಗಳಲ್ಲಿ ಸಮೀಕರಣ ಬಿಡಿಸಲು ಎರಡು ಬಗೆಯ ಆಜ್ಞೆಗಳು ಇರುವುದೇಕೆಂದು ಈಗ ತಿಳಿಯುತ್ತದೆ. ಮ್ಯಾಥಮ್ಯಾಟಿಕಾದಲ್ಲಿ ‘ಸಾಲ್ವ್’ ಮತ್ತು ‘ಎನ್‌ಸಾಲ್ವ್’, ಮೇಪಲ್‌ನಲ್ಲಿ ‘ಸಾಲ್ವ್’ ಮತ್ತು ‘ಎಫ್‌ಸಾಲ್ವ್’, ಉಚಿತವಾಗಿ ದೊರೆಯುವ ಸಿಂಪೈನಲ್ಲಿ ‘ಸಾಲ್ವ್’ ಮತ್ತು ‘ಎನ್‌ಸಾಲ್ವ್’. ಮೊದಲನೆಯದು ಬೀಜಗಣಿತದ ದಾರಿ. ಅದು ಅಕ್ಷರಗಳನ್ನು ಅಕ್ಷರಗಳಾಗಿಯೇ ಉಳಿಸಿಕೊಂಡು ನಿಖರವಾದ ಉತ್ತರವನ್ನು ಹುಡುಕುತ್ತದೆ. ಎರಡನೆಯದು ಅಂಕಗಣಿತದ ದಾರಿ. ಊಹೆಯಿಂದ ಆರಂಭಿಸಿ, ತಿದ್ದುತ್ತ ತಿದ್ದುತ್ತ ಉತ್ತರದ ಸಮೀಪಕ್ಕೆ ಹೋಗುತ್ತದೆ.

ಈ ತಿದ್ದುವ ಕೆಲಸವನ್ನು ನೀವೇ ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಬಹುದು. 9,000 ರೂಪಾಯಿಯ 12 ಕಂತುಗಳು ಎಷ್ಟು ಸಾಲವನ್ನು ತೀರಿಸಬಲ್ಲವು? ತಿಂಗಳಿಗೆ ಶೇಕಡ 1ರ ದರದಲ್ಲಿ ಸುಮಾರು 1,01,296 ರೂಪಾಯಿ. ಇದು ಲಕ್ಷಕ್ಕಿಂತ ಹೆಚ್ಚು. ಅಂದರೆ ದರ ಇನ್ನೂ ಮೇಲಿದೆ. ಶೇಕಡ 1.5ರಲ್ಲಿ 98,168, ಇದು ಕಡಿಮೆಯಾಯಿತು. ನಡುವಿನ 1.25ರಲ್ಲಿ 99,714. ಹಾಗಾದರೆ ಉತ್ತರ 1ಕ್ಕೂ 1.25ಕ್ಕೂ ನಡುವೆ ಇದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಸುಮಾರು 1.204ಕ್ಕೆ ತಲಪುತ್ತೇವೆ. ವರ್ಷಕ್ಕೆ 14.45! ಮಾರುವವರು ಹೇಳಿದ 8 ಎಲ್ಲಿ, ಈ 14.45 ಎಲ್ಲಿ? ಇಂಥ ಕಡೆ ಸೂತ್ರಕ್ಕಾಗಿ ಕಾಯುತ್ತ ಕೂರುವುದು ವ್ಯರ್ಥ, ಸಂಖ್ಯೆಯೇ ಬೇಕು.

ಹಾಗೆಂದು ಸಂಖ್ಯೆ ಎಲ್ಲ ಕಡೆಯೂ ಸಾಲದು. ಬೌಧಾಯನ ಶುಲ್ಬಸೂತ್ರದಲ್ಲಿ 2ರ ವರ್ಗಮೂಲಕ್ಕೆ ಕೊಟ್ಟಿರುವ ಬೆಲೆ 577/408ಕ್ಕೆ ಸಮ. ದಶಮಾಂಶದ ಐದು ಸ್ಥಾನಗಳವರೆಗೆ ಅದು ಸರಿ. ವೇದಿ ಕಟ್ಟುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ಆದರೆ ಅದರ ವರ್ಗ 2 ಅಲ್ಲ. ಒಂದು ಪ್ರಮೇಯವನ್ನು ಸಾಧಿಸುವಾಗ, ಅಥವಾ ಈ ಹಂತದ ಉತ್ತರವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯುವಾಗ, √2 ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಅಕ್ಷರಗಳು ಉಳಿದಿದ್ದರೆ ಇನ್ನೊಂದು ಲಾಭವಿದೆ. ಅಸಲು ಇಮ್ಮಡಿಯಾದರೆ ಕಂತೂ ಇಮ್ಮಡಿಯಾಗುತ್ತದೆಂದು ಸೂತ್ರ ಒಂದೇ ನೋಟಕ್ಕೆ ಹೇಳುತ್ತದೆ. ಸಂಖ್ಯೆಯೊಂದು ಅದನ್ನು ಹೇಳಲಾರದು.

ಸಂಖ್ಯೆಯ ದಾರಿಯಲ್ಲಿ ಮತ್ತೊಂದು ಅಪಾಯವೂ ಉಂಟು. x² = 2ˣ ಎಂಬ ಸಮೀಕರಣವನ್ನು ತೆಗೆದುಕೊಳ್ಳಿ. 1ರಿಂದ ಹುಡುಕಲು ಆರಂಭಿಸಿದರೆ ನ್ಯೂಟನ್ ವಿಧಾನ ನಿಮ್ಮನ್ನು 2ಕ್ಕೆ ಮುಟ್ಟಿಸಿ ಸುಮ್ಮನಾಗುತ್ತದೆ. ಆದರೆ 4 ಕೂಡ ಉತ್ತರವೇ. ಅಷ್ಟೇ ಅಲ್ಲ, −0.7667ರ ಹತ್ತಿರ ಮೂರನೆಯ ಉತ್ತರವೊಂದು ಅಡಗಿದೆ. ಮೂರನ್ನೂ ಕಾಣಬೇಕಾದರೆ ಮೊದಲು ನಕ್ಷೆ ಎಳೆದು, ಎರಡು ರೇಖೆಗಳು ಎಲ್ಲೆಲ್ಲಿ ಸಂಧಿಸುತ್ತವೆಂದು ನೋಡಬೇಕು. ಯಂತ್ರ ಕೊಟ್ಟದ್ದು ತಪ್ಪು ಉತ್ತರವಲ್ಲ, ಅಪೂರ್ಣ ಉತ್ತರ. ಪರೀಕ್ಷೆಯಲ್ಲಾಗಲಿ ಮುಂದೆ ಎಂಜಿನಿಯರಾದಾಗ ಮಾಡುವ ಕೆಲಸದಲ್ಲಾಗಲಿ ಅಪೂರ್ಣ ಉತ್ತರವೂ ದುಬಾರಿಯೇ.

ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಇಷ್ಟು. ಉತ್ತರ ಯಾವುದಕ್ಕಾಗಿ ಬೇಕು ಎಂದು ಮೊದಲು ಕೇಳಿಕೊಳ್ಳಿ. ಸಂಬಂಧ ತಿಳಿಯಬೇಕಾದರೆ, ಸಾಧನೆ ಬರೆಯಬೇಕಾದರೆ ಬೀಜಗಣಿತದ ಆಜ್ಞೆ. ಅಳತೆ, ಹಣ, ಪ್ರಮಾಣ ತಿಳಿಯಬೇಕಾದರೆ ಸಂಖ್ಯೆಯ ಆಜ್ಞೆ. ಎರಡೂ ಬೇಕಾದ ಕಡೆ, ಸೂತ್ರದಲ್ಲೇ ಸಾಧ್ಯವಿರುವಷ್ಟು ದೂರ ನಡೆದು ಕೊನೆಯ ಹೆಜ್ಜೆಯಲ್ಲಿ ಮಾತ್ರ ಸಂಖ್ಯೆ ಹಾಕಿ. ಬಂದ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡುವುದನ್ನು ಎಂದೂ ಬಿಡಬೇಡಿ.

‘ಎಲ್ಲವನ್ನೂ ಕಂಪ್ಯೂಟರೇ ಮಾಡುವಾಗ ಮಕ್ಕಳು ಬೀಜಗಣಿತದಲ್ಲಿ ಹೆಣಗುವುದೇಕೆ?’ ಎಂದು ಕೇಳುವ ತಂದೆತಾಯಿಗಳಿಗೂ ಒಂದು ಮಾತು. ಸಮೀಕರಣವನ್ನು ಕಂಪ್ಯೂಟರು ಬಿಡಿಸುತ್ತದೆ, ನಿಜ. ಆದರೆ ಕಂತಿನ ಚೀಟಿಯಲ್ಲಿ ಒಂದು ಸಮೀಕರಣ ಅಡಗಿದೆಯೆಂದು ಗುರುತಿಸಬೇಕಾದವರು ಮಕ್ಕಳೇ. ಮುಂದಿನ ಸಲ ಮನೆಗೆ ಅಂಥ ಚೀಟಿ ಬಂದಾಗ ಸಹಿ ಹಾಕುವ ಮೊದಲು ಮಗನ ಕೈಗೋ ಮಗಳ ಕೈಗೋ ಕೊಟ್ಟು ನೋಡಿ. ನಿಜವಾದ ದರ ಎಷ್ಟೆಂದು ಅವರೇ ಲೆಕ್ಕ ಹಾಕಿ ಹೇಳಲಿ.