ರಕ್ತಪರೀಕ್ಷೆಯ ಚೀಟಿ ಜೋಪಾನ

ವೆಲ್ಲಿಂಗ್ಟನ್ ಸುತ್ತಿನ ರೈತರಾದ ನಾವು ಚಹಾ ಎಲೆಯ ತೂಕ, ಕ್ಯಾರೆಟ್ ಮೂಟೆಯ ಬೆಲೆ ಬರೆದಿಡುತ್ತೇವೆ. ರಕ್ತಪರೀಕ್ಷೆಯ ಚೀಟಿಯನ್ನು ಮಾತ್ರ ಕಳೆದುಬಿಡುತ್ತೇವೆ. ಇದು ಸರಿಯಲ್ಲ.

ದೇಹದೊಳಗೆ ಉರಿಯೂತವಿದೆಯೆಂದು ಇ.ಎಸ್.ಆರ್., ಸಿ.ಆರ್.ಪಿ. ಪರೀಕ್ಷೆಗಳು ಸೂಚಿಸುತ್ತವೆ, ಎಲ್ಲಿ, ಏಕೆ ಎಂದು ಹೇಳುವುದಿಲ್ಲ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾದ ಸಿ.ಆರ್.ಪಿ. ಸೋಂಕು ತಗಲಿದ ಕೆಲವೇ ಗಂಟೆಗಳಲ್ಲಿ ಏರಿ, ಗುಣವಾದಂತೆ ಬೇಗ ಇಳಿಯುತ್ತದೆ. ಇ.ಎಸ್.ಆರ್. ಇಳಿಯುವುದು ನಿಧಾನ; ವಯಸ್ಸು, ರಕ್ತಹೀನತೆಯಿಂದಲೂ ಅದು ಏರುತ್ತದೆ. ಆದ್ದರಿಂದ ಜ್ವರದ ದಿನದ ಒಂದು ಅಂಕೆ ನೋಡಿ ಹೆದರುವುದು ಬೇಡ.

ಕೀಲುನೋವಿಗೆಲ್ಲ ಚಳಿಯೇ ಕಾರಣವೆಂದು ಮಾತ್ರೆ ನುಂಗುತ್ತಾ ಕೂರುವುದೂ ಬೇಡ. ಬೆಳಿಗ್ಗೆ ಕೀಲು ಬಿಗಿದು, ಊದುತ್ತಿದ್ದರೆ ವೈದ್ಯರನ್ನು ಕಾಣೋಣ. ವರ್ಷಗಳ ಏರಿಳಿತ ಅವರಿಗೆ ತಿಳಿಯುವಂತೆ ಹಳೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಕೊಂಡೊಯ್ಯೋಣ.